ಹೊತ್ತು ತಂದರೆ ಎಷ್ಟು ಗಂಟೆ

ಅವನು ಮೊದಲ ಸಲ ಅವಳ ಹೊಲಿಗೆ ಅಂಗಡಿಗೆ ಬಂದದ್ದು ಎರಡೂ ಮೊಣಕಾಲು ಹರಿದ ಪ್ಯಾಂಟಿನಲ್ಲಿ. ಕರೆದುಕೊಂಡು ಬಂದವನು ಅವಳ ಗಂಡ. ಗಂಡನಿಗೆ ಗವಿಗಳಲ್ಲಿ ಹಗ್ಗ ಕಟ್ಟುವ ಕೆಲಸ, ಹೊಸಬನಿಗೆ ಗವಿಗಳನ್ನು ಅಳೆದು ನಕ್ಷೆ ಬರೆಯುವ ಕೆಲಸ. ಸದಾ ಕೊರಳಿಗೆ ಟೇಪು ಸುತ್ತಿಕೊಂಡೇ ಇರುತ್ತಿದ್ದುದರಿಂದ ಎಲ್ಲರಿಗೂ ಅವನು ಟೇಪಣ್ಣ.

"ಸೊಂಟ ಇಪ್ಪತ್ತೆಂಟು," ಅಂದಳು ಅಳತೆ ಹಿಡಿದು. "ಏನಪ್ಪಾ, ನಿಮ್ಮನೇಲಿ ಒಲೆ ಹಚ್ಚೋದೇ ಇಲ್ವಾ?"

"ಹೊಟ್ಟೆ ಬಂದ್ರೆ ಸೂಜಿಕಣ್ಣಲ್ಲಿ ಸಿಕ್ಕಿಕೊಂಡು ಅಲ್ಲೇ ಸಂಸಾರ ಹೂಡಬೇಕಾಗುತ್ತೆ ಅತ್ತಿಗೆ."

ಸೂಜಿಕಣ್ಣು ಅಂದರೆ ದೊಡ್ಡ ಗವಿಯೊಳಗಿನ ಒಂದು ಸಂದಿ. ಉಸಿರು ಬಿಟ್ಟು, ಒಂದು ಕೈ ಮುಂದೆ ಚಾಚಿ, ತೆವಳಿ ದಾಟಬೇಕು. ಅದರಾಚೆ ಕೊನೆಯ ಕೋಣೆ.

"ಆ ಕೋಣೆ ಅಷ್ಟೊಂದು ದೂರವಾ?"

"ದೂರ ಎಲ್ಲಿ ಬಂತು? ಒಂದೂಕಾಲು ಕಿಲೋಮೀಟರ್. ಮಾರ್ಕೆಟ್ಟಿಗೆ ನೀವು ಇದಕ್ಕಿಂತ ಹೆಚ್ಚು ನಡೀತೀರಿ. ಆದ್ರೆ ಅಲ್ಲಿಂದ ಕೂಗಿದ್ರೆ ಕೇಳಲ್ಲ, ಫೋನಿಲ್ಲ. ಸುದ್ದಿನೂ ತೆವಳಿಕೊಂಡೇ ಬರಬೇಕು. ಅದಕ್ಕೇ ನಾನು ನಕ್ಷೇಲಿ ಮೀಟರ್ ಜೊತೆ ಗಂಟೇನೂ ಬರೀತೀನಿ. ಅಲ್ಲಿಂದ ಗವಿ ಬಾಯಿಗೆ ನಾಲ್ಕು ಗಂಟೆ."

ಆ ನಾಲ್ಕು ಗಂಟೆ ಅವನು ತಾನೇ ನಡೆದು, ತೆವಳಿ, ಗಡಿಯಾರ ನೋಡಿ ಬರೆದದ್ದು. ಸುಳ್ಳಲ್ಲ. ಆದರೆ ಇಪ್ಪತ್ತೆಂಟಿಂಚು ಸೊಂಟದ, ಕೈಕಾಲು ಗಟ್ಟಿಯಿದ್ದ ಆಳಿನ ನಾಲ್ಕು ಗಂಟೆ.

ಆರನೆಯ ವರ್ಷ ಕೊನೆಯ ಕೋಣೆಯಲ್ಲಿ ಕಲ್ಲು ಜಾರಿ ಅವಳ ಗಂಡನ ತೊಡೆ ಮುರಿಯಿತು. ಟೇಪಣ್ಣ ತನ್ನ ಕೋಟನ್ನು ಅವನಿಗೆ ಹೊದಿಸಿ, ಕಟ್ಟು ಕಟ್ಟಿ, ಸುದ್ದಿ ತಂದ. ಸರಿಯಾಗಿ ನಾಲ್ಕು ಗಂಟೆ. ಎಂಟು ಜನ ಸ್ಟ್ರೆಚರ್ ಹಿಡಿದು ಒಳಗೆ ಹೋದರು. ನಕ್ಷೆ ನೋಡಿಯೇ ಹೋದರು: ಹೋಗಲು ನಾಲ್ಕು, ಬರಲು ನಾಲ್ಕೋ ಐದೋ. ಅಷ್ಟಕ್ಕೆ ಸಾಕಾಗುವಷ್ಟು ಬ್ಯಾಟರಿ, ಒಂದೇ ಒಂದು ಕಂಬಳಿ. ಸ್ಟ್ರೆಚರ್ ಸೂಜಿಕಣ್ಣಲ್ಲಿ ನಿಂತುಬಿಟ್ಟಿತು. ಬಂಡೆ ಕಡಿಯಬೇಕಾಯಿತು. ಉಳಿಗೊಮ್ಮೆ, ಬ್ಯಾಟರಿಗೊಮ್ಮೆ ಯಾರಾದರೂ ಹೊರಗೆ ಬಂದು ಹೋಗಬೇಕಾಯಿತು. ಅವಳು ಗವಿಯ ಬಾಯಲ್ಲಿ ಕಲ್ಲಿನ ಮೇಲೆ ಕೂತೇ ಇದ್ದಳು. ಮೂವತ್ತೊಂದು ಗಂಟೆ ಕಳೆದು ಗಂಡನನ್ನು ತಂದರು. ತೊಡೆಯ ಕಟ್ಟು ಕಟ್ಟಿದ ಹಾಗೇ ಇತ್ತು. ಕೊಂದದ್ದು ಚಳಿ.

ತಿಂಗಳು ಕಳೆದ ಮೇಲೆ ಟೇಪಣ್ಣ ಅಂಗಡಿ ಬಾಗಿಲಿಗೆ ಬಂದು ನಿಂತ.

"ಬೈದುಬಿಡಿ ಅತ್ತಿಗೆ."

"ಬೈದ್ರೆ ನಿನ್ನ ಎದೆ ಹಗುರಾಗುತ್ತೆ. ಅದರಿಂದ ನನಗೇನು ಬಂತು?" ಅಂದಳು. ಆಮೇಲೆ ಸ್ಟೂಲನ್ನು ಕಾಲಲ್ಲೇ ಅವನತ್ತ ತಳ್ಳಿದಳು. "ಕೂತ್ಕೋ. ಏನು ಬೇಕು ಹೇಳು."

ಅವನಿಗೆ ಒಂದು ಚೀಲ ಬೇಕಿತ್ತು. ಕೈಕಾಲು ಇರುವ, ಮರಳು ತುಂಬಿದರೆ ಆಳಿನಷ್ಟು ಭಾರವಾಗುವ ಚೀಲ. "ಎಲ್ಲ ಗವೀಲೂ ಅದನ್ನ ಹೊರಿಸಿ ಇನ್ನೊಂದು ಸಲ ಗಂಟೆ ಬರೀತೀನಿ. ನಡೆಯೋನಿಗೆ ಒಂದು, ಹೊತ್ತು ತರೋದಕ್ಕೆ ಒಂದು."

ಅಳತೆ ಯಾವುದೆಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಭುಜ ಹದಿನೇಳೂವರೆ, ಎದೆ ನಲವತ್ತು, ಎಡತೋಳು ಬಲಕ್ಕಿಂತ ಕಾಲಿಂಚು ಗಿಡ್ಡ. ತೀರಿಹೋದ ಗಂಡನ ಅಂಗಿಯ ಅಳತೆ ಅವಳ ಬೆರಳಲ್ಲೇ ಇತ್ತು. ಕ್ಯಾನ್ವಾಸಿಗೆ ಎರಡೆರಡು ಹೊಲಿಗೆ ಹಾಕಿದಳು.

ಹೊರುವವರು ಅದಕ್ಕೆ ಮರಳಪ್ಪ ಅಂತ ಹೆಸರಿಟ್ಟರು. "ಮರಳಪ್ಪನಿಗೊಂದು ಮದುವೆ ಮಾಡಿಸಿ ಟೇಪಣ್ಣ, ಚಿಂತೇಲಿ ಸೊರಗಿ ಭಾರ ಇಳೀಲಿ!" ಅನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಗವಿಗಳ ನಕ್ಷೆಗೆ ಎರಡನೆಯ ಗಂಟೆ ಬಂತು. ಸವೆದ ಮರಳಪ್ಪನಿಗೆ ಅವಳು ಮೂರು ಸಲ ತೇಪೆ ಹಾಕಿದಳು. ದೊಡ್ಡ ಗವಿಯ ನಕ್ಷೆಯಲ್ಲಿ ಮಾತ್ರ ನಾಲ್ಕು ಹಾಗೇ ಉಳಿದಿತ್ತು. ಪ್ರತಿ ವರ್ಷ ಬಾಯಿಯವರೆಗೆ ಹೋಗಿ ಅವನು ಹಿಂದಿರುಗುತ್ತಿದ್ದ.

ಕೊನೆಗೆ ಅವನ ಶ್ವಾಸಕೋಶ ಕೈಕೊಟ್ಟಿತು. ಇನ್ನು ಗವಿಗೆ ಇಳಿಯಕೂಡದು ಅಂದರು ಡಾಕ್ಟರು.

"ನಾನು ಹೋಗೋದ್ರೊಳಗೆ ಆ ನಾಲ್ಕನ್ನ ಹೊಡೆದು ಹಾಕಬೇಕು ಅತ್ತಿಗೆ. ಇನ್ನೊಬ್ಬರು ಅದನ್ನ ನಂಬಿ ಹೋದ್ರೆ?"

"ನಡಿ, ನಾನೂ ಬರ್ತೀನಿ," ಅಂದಳು.

ಎಂಟು ಜನ ಮರಳಪ್ಪನನ್ನು ಕೊನೆಯ ಕೋಣೆಗೆ ಎಳೆದೊಯ್ದು, ಅಲ್ಲಿಂದ ಸ್ಟ್ರೆಚರಿನಲ್ಲಿ ಹೊತ್ತು ಹೊರಟರು. ಇವರಿಬ್ಬರೂ ಗವಿಯ ಬಾಯಲ್ಲಿ ಕೂತರು. ಅಲ್ಲಿಯವರೆಗೆ ಅವನು ಹೊರಗೆ ಕೂತು ಕಾದವನೇ ಅಲ್ಲ. ಐದನೆಯ ಗಂಟೆಗೇ ಎದ್ದು ಶತಪಥ ಹಾಕತೊಡಗಿದ.

"ಏನಾದ್ರೂ ಕೇಳಿಸ್ತಾ?"

"ಕೇಳಲ್ಲ. ಕೂತ್ಕೋ. ನೀರು ಕುಡಿ."

ಸಂದಿಯನ್ನು ಕಡಿದು ಅಗಲ ಮಾಡಿದ್ದರೂ ಕೊನೆಯ ಕೋಣೆಯಿಂದ ಅವರು ಹೊರಬರಲು ಹತ್ತೊಂಬತ್ತು ಗಂಟೆ ಹಿಡಿಯಿತು. ಅವನು ನಕ್ಷೆ ಬಿಡಿಸಿ, ನಾಲ್ಕನ್ನು ಹೊಡೆದು ಹಾಕಿ ಹತ್ತೊಂಬತ್ತು ಎಂದು ಬರೆದ. ಬರೆದದ್ದನ್ನು ಅವಳಿಗೆ ತೋರಿಸಿದ. ಅಂಕಿಗಳನ್ನು ಅವಳು ಚೆನ್ನಾಗಿಯೇ ಓದಬಲ್ಲಳು.

ಅದಾಗಿ ಇಪ್ಪತ್ತು ದಿನಕ್ಕೆ ಅವನು ತೀರಿಕೊಂಡ. ಅಷ್ಟರಲ್ಲಿ ಮಾತು ನಿಂತೇ ಹೋಗಿತ್ತು. ಅವಳನ್ನು ಅವನು ಕೊನೆಯದಾಗಿ ಕೇಳಿದ್ದು ಆ ದಿನ, ಆ ಗವಿಯ ಬಾಯಲ್ಲಿ, ನಕ್ಷೆ ಮಡಚುತ್ತ, ಅವಳ ಮುಖ ನೋಡದೆ:

"ನಾನು ನಾಲ್ಕು ಅಂತ ಬರೀದೆ ಮೂವತ್ತು ಅಂತ ಬರೆದಿದ್ರೆ, ಆವತ್ತು ಬೆಳಿಗ್ಗೆ ನೀವು ಅವನನ್ನ ಕಳಿಸ್ತಿದ್ರಾ ಅತ್ತಿಗೆ?"