‘ಬತ್ತೀನಿ’ ಎಂದವರ ದಿಕ್ಕು

ಹಾಸನದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನನ್ನ ಕೆಲಸ, ಓಡಾಡುವ ಫೋನನ್ನು ಹಿಂಬಾಲಿಸುವುದು. ಹೊಸ ಫೋನುಗಳು ಬಳಸುವ ಮಿಲಿಮೀಟರ್ ತರಂಗದ ಸಿಗ್ನಲ್ ಹಳೆಯ ಟವರಿನ ಸಿಗ್ನಲಿನಂತೆ ಊರೆಲ್ಲ ಹರಡುವುದಿಲ್ಲ. ಟಾರ್ಚಿನ ಬೆಳಕಿನಂತೆ ಕಿರಿದಾದ ಒಂದು ಬೀಮಾಗಿ ಹೋಗುತ್ತದೆ. ಫೋನ್ ಹಿಡಿದವನು ನಡೆದರೆ ಆ ಬೀಮೂ ಅವನ ಕಡೆಗೇ ತಿರುಗುತ್ತಿರಬೇಕು. ಪ್ರತಿ ಸಲ ಎಲ್ಲ ದಿಕ್ಕನ್ನೂ ತಡಕಲು ಪುರುಸೊತ್ತಿಲ್ಲ. ಹಾಗಾಗಿ ಇದುವರೆಗೆ ನಡೆದ ದಾರಿ ನೋಡಿ, ಮುಂದೆ ಎಲ್ಲಿರುತ್ತಾನೆಂದು ಊಹಿಸುತ್ತೇವೆ. ಅವನು ನಡುವೆ ಎಲ್ಲೋ ನಿಂತುಬಿಟ್ಟರೆ ಬೀಮು ಮಾತ್ರ ಖಾಲಿ ಜಾಗವನ್ನು ಹಿಂಬಾಲಿಸಿಕೊಂಡು ಹೋಗುತ್ತದೆ. ಇದನ್ನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ, ದೊಡ್ಡ ಮನುಷ್ಯನ ಹಾಗೆ.

ಅಮ್ಮನಿಗೆ ಹೃದಯದ ಆಪರೇಷನ್ ಎಂದಾದಾಗ ಅವಳು ಕೇಳಿದ್ದು ಒಂದೇ: ಒಳಗೆ ಹೋಗುವ ಮುಂಚೆ ತಂಗಿಯ ಮುಖ ನೋಡಬೇಕು. ಚನ್ನರಾಯಪಟ್ಟಣದ ಚಿಕ್ಕಮ್ಮ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದರು. ನಮ್ಮ ಗೃಹಪ್ರವೇಶಕ್ಕೆ ಅಮ್ಮ ತಾನೇ ಹೋಗಿ ಕುಂಕುಮ ಕೊಟ್ಟು ಕರೆಯದೆ ಬೇರೆಯವರ ಕೈಲಿ ಹೇಳಿಕಳಿಸಿದ್ದಳು. ಮುನಿಸಿಗೆ ಅಷ್ಟು ಸಾಕಲ್ಲ ನಮ್ಮವರಿಗೆ.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಮಾಡಿ ಅಮ್ಮನ ಆಸೆ ಹೇಳಿದೆ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡರು. ಕೊನೆಗೆ, “ಆಯ್ತು ಕಣಪ್ಪ, ಉಸಾರಾಗಿ ನೋಡ್ಕೊ. ಬತ್ತೀನಿ,” ಅಂದರು.

ವಾರ್ಡಿಗೆ ಓಡಿದೆ. “ಚಿಕ್ಕಮ್ಮ ಬತ್ತಾರಂತೆ ಕಣಮ್ಮ.”

ಅಮ್ಮ ತಲೆ ಬಾಚಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಒರಗಿದಳು. ಸ್ವಲ್ಪ ಹೊತ್ತಿಗೆ, “ಎಲ್ಲಿಗ್ ಬಂದವ್ಳೊ ಏನೊ?” ಎಂದಳು.

“ಬಸ್ ಹತ್ತಿರ್ತಾರೆ.”

ಮತ್ತೆ ಕೇಳಿದಳು. “ಶಾಂತಿಗ್ರಾಮ ದಾಟಿರ್ತಾರೆ,” ಅಂದೆ. ಚಿಕ್ಕಮ್ಮನ ಫೋನ್ ಸಿಗುತ್ತಿರಲಿಲ್ಲ. ದಾರಿಯಲ್ಲಿ ಸಿಗ್ನಲ್ ಇರಲಿಕ್ಕಿಲ್ಲ ಎಂದುಕೊಂಡೆ. ಆ ಬಸ್ಸನ್ನು ಓಡಿಸುತ್ತಿದ್ದವನು ನಾನೇ.

ಸ್ಟ್ರೆಚರ್ ಬಂದ ಹೊತ್ತಿಗೆ ಫೋನ್ ಸಿಕ್ಕಿತು. ಆಚೆ ಬಂದು ಕೇಳಿದೆ, “ಎಲ್ಲಿದೀರಾ ಚಿಕ್ಕಮ್ಮ?”

“ಮನೇಲೆ ಕಣಪ್ಪ.”

“ಬತ್ತೀನಿ ಅಂದ್ರಲ್ಲ?”

“ಅಯ್ಯೋ, ಫೋನ್ ಮಡಗ್ವಾಗ ಅಂದಿದ್ದು ಕಣಪ್ಪ ಅದು. ಓಯ್ತೀನಿ ಅನ್ನಕಾಯ್ತದಾ?”

‘ಹೋಗ್ತೀನಿ’ ಅನ್ನುವುದು ಅಪಶಕುನ. ಹೊಸಿಲು ದಾಟುವಾಗ ನಾನೂ ಹುಟ್ಟಿದಾಗಿನಿಂದ ‘ಬತ್ತೀನಿ’ ಎಂದವನೇ. ಅದು ಅವತ್ತು ಹೊಳೆಯಲಿಲ್ಲ. ಈಗಲಾದರೂ ಹೊರಡಿ ಎಂದು ಬೇಡಿಕೊಂಡೆ. ಹೊರಟರೂ ಹೊತ್ತು ಮೀರಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಚಿಕ್ಕಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರು ತಪ್ಪು ಹೇಳಿರಲಿಲ್ಲ.

ಸ್ಟ್ರೆಚರಿನ ಪಕ್ಕ ನಡೆದೆ. “ಎಲ್ಲಿಗ್ ಬಂದ್ಲು?” ಎಂದಳು ಅಮ್ಮ.

“ಹಾಸನಕ್ಕೆ ಬಂದ್ರು ಕಣಮ್ಮ.”

“ಸರಿ ಬಿಡು. ಬತ್ತೀನಿ ಕಣಪ್ಪ,” ಅಂದಳು. ಬಾಗಿಲು ಮುಚ್ಚಿದರು.

ಅಮ್ಮ ಬರಲಿಲ್ಲ.

ಮಾರನೆಯ ದಿನ ಅರಕಲಗೂಡಿನ ಹತ್ತಿರ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಚಿಕ್ಕಮ್ಮ ಬಂದಿದ್ದರು. ಅಕ್ಕನ ಮುಖದ ಮೇಲಿನ ಬಟ್ಟೆ ಸರಿಸಿ, ಎತ್ತುವವರು ಬರುವವರೆಗೂ ನೋಡುತ್ತ ಕೂತಿದ್ದರು. ಸಂಜೆ ಹೊರಡುವಾಗ ನನ್ನ ಕೈ ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾವಿನ ಮನೆಯಿಂದ ಹೊರಡುವವರು ‘ಬತ್ತೀನಿ’ ಅನ್ನಬಾರದು. ಏನೂ ಹೇಳದೆ ಬಸ್ಸಿನ ಕಡೆ ನಡೆದರು.