ಫೋನಿನೊಳಗೆ ಕಾವಲು ಕಾಯುವವರನ್ನು ಆರಿಸಿದ್ದು

ಹೆತ್ತೂರಿನ ನಮ್ಮ ಸಣ್ಣ ಬೆಳೆಗಾರರ ಸಂಘಕ್ಕೆ ಈಗ ನನ್ನ ಮೊಮ್ಮಗಳೇ ಕಾರ್ಯದರ್ಶಿ. ಈ ಮಾತನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ, ಕಣ್ಣು ಪರೀಕ್ಷೆ ಮಾಡಿದ ಡಾಕ್ಟರಿಗೂ ಹೇಳಿದ್ದೇನೆ. ಕಾಫಿ, ಮೆಣಸು ತೂಗಿಸಲು ಬಂದವರು ಅವಳನ್ನು ‘ಮೇಡಂ’ ಎಂದು ಕರೆದರೆ ಇನ್ನೊಂದು ಸಲ ಕೇಳಿಸಿಕೊಂಡು ಹೋಗೋಣ ಎಂದು ಅಲ್ಲೇ ನಿಲ್ಲುತ್ತೇನೆ. ಅದೇ ಸಂಘದಲ್ಲಿ ನಾನೂ ಒಬ್ಬಳು ಡೈರೆಕ್ಟರ್. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೆಂಗಸರ ಸೀಟಿಗೆ ಎದುರು ಯಾರೂ ನಿಲ್ಲಲಿಲ್ಲ, ಗೆದ್ದೆ. ಅವಳು ಹಾಗಲ್ಲ, ಪರೀಕ್ಷೆ ಬರೆದು ಬಂದವಳು.

ಈ ಸಲ ಮೆಣಸು ಕೊಯ್ಲಿನ ಹೊತ್ತಿಗೆ ಯಾರೋ ಜಾಲತಾಣದಲ್ಲಿ ನಮ್ಮ ಸಂಘದ ಹೆಸರಿನಲ್ಲೇ ಕಳ್ಳ ಪೇಜ್ ತೆರೆದರು. ಅದಕ್ಕೆ ಮೊಮ್ಮಗಳ ಫೋಟೋ ಅಂಟಿಸಿದರು. ಮೊದಲು ‘ಈ ವಾರ ಮೆಣಸು ಕೊಳ್ಳುವುದಿಲ್ಲ’ ಎಂದು ಹಾಕಿದರು. ಹೆಗ್ಗದ್ದೆಯಿಂದ ಮೂಟೆ ಹೊತ್ತು ಹೊರಟವರು ಅರ್ಧ ದಾರಿಯಿಂದ ವಾಪಸು ಹೋದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಗಬಹುದಿತ್ತು. ಆಮೇಲೆ ಅವಳು ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಸ್ಕೂಟರಿನಲ್ಲಿ ಬರುತ್ತಾಳೆ ಎಂಬುದನ್ನು ಬರೆದು, ‘ಒಂದು ದಿನ ತಡೆದು ಕೇಳೋಣ’ ಎಂದು ಸೇರಿಸಿದರು.

ನನ್ನ ಮಗ, ಅಂದರೆ ಅವಳ ಅಪ್ಪ, ಅದನ್ನು ಓದಿ ಊಟದ ತಟ್ಟೆ ಅತ್ತ ತಳ್ಳಿದ.

“ಬುಟ್ಟಾಕು ಆ ಕೆಲ್ಸನ. ಮನೇಲಿ ಉಣ್ಣಕ್ಕೇನು ಕಮ್ಮಿ ಆಗೈತಾ?”

“ಬರ್ದೋನು ಮನೇಲಿ ಕೂರ್ಲಿ ಅಪ್ಪ. ನಾನ್ಯಾಕೆ ಕೂರ್ಲಿ?” ಎಂದಳು ಅವಳು. ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು.

ಸ್ಟೇಷನ್ನಿಗೆ ದೂರು ಕೊಟ್ಟೆವು, ವಿಚಾರಣೆ ಶುರುವಾಯಿತು. ಆದರೆ ಇಡೀ ದಿನ ನಮ್ಮ ಹೆಸರನ್ನೇ ಹುಡುಕುತ್ತ ಕೂರುವುದು ಪೊಲೀಸರಿಗೂ ಆಗುವ ಕೆಲಸವಲ್ಲ. ಅದಕ್ಕೆಂದೇ ಕಂಪನಿಗಳಿವೆ, ಜಾಲತಾಣದಲ್ಲಿ ಯಾರು ನಮಗೆ ಬೆದರಿಕೆ ಹಾಕುತ್ತಾರೆ ಎಂದು ನೋಡಿ ತಿಳಿಸುತ್ತವೆ ಎಂದು ಮೊಮ್ಮಗಳೇ ಪತ್ತೆ ಮಾಡಿದಳು. ಹೀಗೂ ಒಂದು ಕೆಲಸ ಇದೆಯಲ್ಲ ಎಂದು ನನಗೆ ಆಶ್ಚರ್ಯವೋ ಆಶ್ಚರ್ಯ.

ಸಂಘದ ಮಾಲು ಇಡುವ ಸ್ಟೋರಿನಲ್ಲಿ ಮೂಟೆಗಳ ಮೇಲೆ ಕಂಪ್ಯೂಟರ್ ಇಟ್ಟು, ಎರಡು ಕಂಪನಿಯವರ ಜೊತೆ ಮಾತಾಡಿದೆವು. ನಾನು ಮುಂದಿನ ಕುರ್ಚಿಯಲ್ಲಿ ಕೂತೆ. ತಲೆಯಲ್ಲಿ ಬರೀ ಪ್ರಶ್ನೆಗಳು. ಅಷ್ಟನ್ನೆಲ್ಲ ನೋಡುವುದು ಮನುಷ್ಯರೋ ಮಿಷನ್ನೋ? ಮಿಷನ್ನಿಗೆ ನಮ್ಮ ಕಡೆಯ ಬೈಗುಳ ಅರ್ಥವಾಗುತ್ತದೆಯೇ? ನಾನು ನನ್ನ ತಂಗಿಗೆ ಕಳಿಸುವ ಮಾತುಗಳನ್ನೂ ಇವರು ಕೇಳುತ್ತಾರೆಯೇ?

ಮೊದಲನೆಯವನು ಕೋಟು ಹಾಕಿದ್ದ. “ಒಂದು ಬೆದರಿಕೆಯೂ ನಮ್ಮ ಕಣ್ಣು ತಪ್ಪಿಸುವುದಿಲ್ಲ ಅಮ್ಮ” ಎಂದು ನಕ್ಕ. ಬಣ್ಣಬಣ್ಣದ ಚಕ್ರಗಳನ್ನು ತೋರಿಸಿದ. ಎಷ್ಟು ಚೆಂದ ತಿರುಗುತ್ತಿದ್ದವು!

ಎರಡನೆಯ ಕಂಪನಿಯಿಂದ ಮಾತಾಡಿದ್ದು ಒಬ್ಬ ಹುಡುಗಿ, ಬಯಲುಸೀಮೆಯ ಕನ್ನಡ. “ಮೊದಲು ಮಿಷನ್ ಹೆಕ್ಕುತ್ತದೆ, ಆಮೇಲೆ ಕನ್ನಡ ಬರುವವರು ಓದುತ್ತೇವೆ. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದನ್ನು ಮಾತ್ರ ನೋಡುತ್ತೇವೆ ಅಮ್ಮ. ರಸ್ತೆಯಲ್ಲಿ ನಿಂತು ಕಾಣುವಷ್ಟು, ಮನೆಯೊಳಗೆ ಇಣುಕುವುದಿಲ್ಲ. ಕೆಲವು ನಮ್ಮ ಕಣ್ಣಿಗೂ ತಪ್ಪುತ್ತವೆ. ಕಳ್ಳ ಪೇಜನ್ನು ತೆಗೆಸಿ ಎಂದು ಕೇಳಿಕೊಳ್ಳುತ್ತೇವೆ, ತೆಗೆದೇ ತೆಗೆಯುತ್ತಾರೆ ಎಂದು ಮಾತು ಕೊಡಲಾರೆ” ಎಂದಳು.

ನಮ್ಮ ಅಧ್ಯಕ್ಷರಿಗೆ ಅದು ಹಿಡಿಸಲಿಲ್ಲ. “ಇವ್ಳು ಕೈಲಾಗಲ್ಲ ಅನ್ನಾದನ್ನೇ ಹೇಳ್ತಾಳಲ್ಲ ಮಾರಾಯ” ಎಂದು ಗೊಣಗಿದರು. ಕೊನೆಗೆ ಇಬ್ಬರೂ ಒಂದು ವಾರ ಕೆಲಸ ಮಾಡಿ ತೋರಿಸಲಿ ಎಂದಾಯಿತು.

ನಮ್ಮಲ್ಲಿ ಗದ್ದೆ ಕಾವಲಿಗೆ ಹೊಸಬನನ್ನು ಇಟ್ಟರೆ ಯಜಮಾನ ಒಂದು ಸಂಜೆ ಆಚೆ ತುದಿಗೆ ಹೋಗಿ, ಆನೆ ಮುರಿದ ಹಾಗೆ ಬಿದಿರು ಮುರಿಯುತ್ತಾನೆ. ಕಾವಲಿನವನು ಕೂಗಿದರೆ ಆಳು ಎಚ್ಚರವಾಗಿದ್ದಾನೆ ಎಂದು ಲೆಕ್ಕ. ಅಧ್ಯಕ್ಷರು ಈ ಪರೀಕ್ಷೆಯನ್ನೇ ಕಂಪನಿಗಳಿಗೂ ಇಟ್ಟುಬಿಟ್ಟರು. ಯಾರಿಗೂ ಹೇಳದೆ ಸುಳ್ಳು ಹೆಸರಿನ ಖಾತೆ ತೆರೆದು, ಸಂಘದ ಪೇಜಿನ ಕೆಳಗೆ ‘ನಾಳೆ ಬೆಳಿಗ್ಗೆ ಸ್ಟೋರಿಗೆ ಬೀಗ ಜಡಿಯುತ್ತೇವೆ, ತಡೆಯುವವರು ಬನ್ನಿ’ ಎಂದು ಬರೆದರು. ಇದು ನಮಗೆ ಗೊತ್ತಾಗಿದ್ದು ಮರುದಿನ.

ಅವರು ಬರೆದ ದಿನವೇ ಸಂಜೆ ಮಗ ಕಣದಲ್ಲಿ ಮೆಣಸಿನ ಮೇಲೆ ಟಾರ್ಪಾಲು ಹೊದಿಸುತ್ತಿದ್ದ. ಮೊಮ್ಮಗಳ ಫೋನು ಹೊಡೆದುಕೊಂಡಿತು. ಆ ಬಯಲುಸೀಮೆಯ ಹುಡುಗಿ. ನಮಗೂ ಕೇಳಲಿ ಎಂದು ಮೊಮ್ಮಗಳು ಸ್ಪೀಕರ್ ಹಾಕಿದಳು.

“ಮೇಡಂ, ಈಗ ಎಲ್ಲಿದ್ದೀರಿ? ಜೊತೆಗೆ ಯಾರಿದ್ದಾರೆ?”

ಬೆದರಿಕೆಯ ಸುದ್ದಿ ಹೇಳಿದ್ದು ಆಮೇಲೆ. “ಖಾತೆ ಇವತ್ತೇ ತೆರೆದಿದ್ದು. ಹಳೇ ಪೇಜಿನವರು ಅನ್ನಿಸುತ್ತಿಲ್ಲ. ಅವರು ನಿಮ್ಮ ಬಗ್ಗೆ ಬರೆಯುತ್ತಾರೆ, ಇವರು ಬೀಗದ ಬಗ್ಗೆ ಬರೆದಿದ್ದಾರೆ. ಆದರೂ ಖಾತ್ರಿಯಿಲ್ಲ. ಬೆಳಿಗ್ಗೆ ಒಬ್ಬರೇ ಹೊರಡಬೇಡಿ. ಪೊಲೀಸರಿಗೆ ಕೊಡಲು ಅದರ ಪಟ ತೆಗೆದು ಕಳಿಸಿದ್ದೇನೆ.”

ಮಗ ಟಾರ್ಪಾಲಿನ ತುದಿ ಹಿಡಿದುಕೊಂಡೇ ನಿಂತಿದ್ದ. ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಜೀಪು ತಿರುಗಿಸಿ ನಿಲ್ಲಿಸಿದ್ದ. ನಾನೂ ಹತ್ತಿದೆ, ಬಿಡುತ್ತೇನೆಯೇ?

ನಮ್ಮ ಕಡೆ ಆನೆಯ ಸುದ್ದಿ ಫೋನಿಗೆ ಬಂದರೆ ಮೊದಲು ನಾಲ್ಕು ಜನಕ್ಕೆ ಕಳಿಸಿ, ಆಮೇಲೆ ನಿಜವೋ ಸುಳ್ಳೋ ಕೇಳುವುದು ರೂಢಿ. ಕೇಳುತ್ತ ನಿಂತರೆ ಅಷ್ಟರಲ್ಲಿ ಆನೆ ಅಂಗಳಕ್ಕೆ ಬಂದಿರುತ್ತದೆ. ಬೀಗದ ಸುದ್ದಿಗೂ ಜನ ಹಾಗೇ ಮಾಡಿದ್ದರು. ಸ್ಟೋರಿನ ಮುಂದೆ ಹೆಗ್ಗದ್ದೆಯವರೂ ದೂರದ ಮಗ್ಗೆಯವರೂ ದೊಣ್ಣೆ ಹಿಡಿದು ನಿಂತಿದ್ದರು. ಒಬ್ಬನಂತೂ ಆನೆ ಓಡಿಸಲು ಇಟ್ಟಿದ್ದ ಪಟಾಕಿಯನ್ನೇ ಚೀಲದಲ್ಲಿ ತಂದಿದ್ದ.

ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದರು. “ಯಾರೂ ಬೀಗ ಹಾಕಲ್ಲ ಕಣ್ರಪ್ಪಾ. ಅದ್ನ ಬರ್ದಿದ್ದು ನಾನೇಯ. ಕಂಪ್ನಿಯೋರು ಎಚ್ರ ಅವ್ರೋ ಇಲ್ವೋ ನೋಡಾನ ಅಂತ ಬಿದಿರು ಮುರ್ದೆ, ಅಷ್ಟೇಯ.”

“ಬಿದಿರು ಮುರ್ದು ಊರೇ ಎಬ್ಬಿಸ್ಬುಟ್ರಲ್ಲ!”

“ನಾನು ಪಟಾಕಿ ತಂದಿವ್ನಿ. ಈಗ ಇದ್ನ ಯಾರ ಹಿಂದೆ ಹಚ್ಲಿ?”

“ಸಲಗ ಮೆಟ್ಲ ಮೇಲೇ ನಿಂತೈತಲ್ಲೋ!”

ಎಲ್ಲರೂ ನಕ್ಕರು. ಮೊಮ್ಮಗಳು ನಗಲಿಲ್ಲ. “ಅಧ್ಯಕ್ಷರೇ, ಬಿದಿರು ಮುರಿಯೋಕೆ ಮುಂಚೆ ಗದ್ದೆ ಬದೀಲಿ ಮನೆ ಇರೋರಿಗಾದ್ರೂ ಹೇಳ್ತಾರಲ್ವಾ? ನಿನ್ನೆ ನಮ್ಮನೇಲಿ ಯಾರೂ ನಿದ್ದೆ ಮಾಡಿಲ್ಲ” ಎಂದಳು.

“ತಪ್ಪಾಯ್ತು ಕಣವ್ವ” ಎಂದರು ಅವರು, ತಲೆ ತಗ್ಗಿಸಿ. ಒಳ್ಳೆಯ ಮನುಷ್ಯ, ಅವಸರ ಜಾಸ್ತಿ.

ಕೋಟಿನವನ ಕಂಪನಿಯ ವರದಿ ಬಂದಿದ್ದು ಮಧ್ಯಾಹ್ನ, ಸಂಘದ ಮೇಲ್‌ಗೆ. ಅದೇ ಚಕ್ರಗಳು, ಕೆಳಗೆ ‘ಅಪಾಯ: ಮಧ್ಯಮ’ ಎಂದಿತ್ತು. ಬೀಗ ಜಡಿಯುವವರು ನಿಜವಾಗಿ ಬಂದಿದ್ದರೆ ಅಷ್ಟರಲ್ಲಿ ಜಡಿದು ಮನೆಗೆ ಹೋಗಿರುತ್ತಿದ್ದರು.

ಅವತ್ತೇ ಡೈರೆಕ್ಟರುಗಳ ಸಭೆ. ಇಬ್ಬರೂ ಬೆದರಿಕೆಯನ್ನು ಹಿಡಿದರಲ್ಲ, ಕೋಟಿನವನ ದೊಡ್ಡ ಕಂಪನಿಯನ್ನೇ ಇಟ್ಟುಕೊಳ್ಳೋಣ ಎಂದರು ಕೆಲವರು. ಮೊಮ್ಮಗಳು ಎದ್ದು ನಿಂತು, ಹಿಡಿದರಷ್ಟೇ ಸಾಲದು, ಯಾರಿಗೆ ಯಾವಾಗ ಹೇಳಿದರು ಎಂಬುದನ್ನೂ ನೋಡಬೇಕು ಎಂದಳು. ಬಾಗಿಲಲ್ಲಿ ನಿಂತಿದ್ದ ನನ್ನ ಮಗ ಡೈರೆಕ್ಟರ್ ಅಲ್ಲ, ಬಾಯಿ ಹಾಕುವ ಹಾಗಿಲ್ಲ. ಹಾಕಿದ.

“ಜೊತೆಗೆ ಯಾರವ್ರೆ ಅಂತ ಮೊದ್ಲು ಕೇಳಿದ್ಲಲ್ಲ, ಆ ಹುಡ್ಗೀನೇ ಇರ್ಲಿ. ಅವ್ಳು ನೋಡ್ತಾಳೆ ಅಂದ್ರೆ ನಾನು ಇವ್ಳ್ನ ಕೆಲ್ಸ ಬುಡು ಅನ್ನಲ್ಲ.”

ನನ್ನ ಕೈ ತಾನಾಗಿ ಮೇಲೆ ಹೋಯಿತು. ಎರಡೂ ಕೈ ಎತ್ತಿದ್ದೆನಂತೆ. ಅಕ್ಕ, ಒಬ್ಬರಿಗೆ ಒಂದೇ ಓಟು ಎಂದರು ಅಧ್ಯಕ್ಷರು.

ಆ ಹುಡುಗಿಯ ಕಂಪನಿಯೇ ಎಂದಾಯಿತು. ಇನ್ನು ಉಳಿದದ್ದು, ಬೆದರಿಕೆ ಕಂಡರೆ ಕಂಪನಿಯವರು ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬುದು. ಅಧ್ಯಕ್ಷರಿಗೆ ಎಂದರು ಒಬ್ಬರು. ನನಗೆ ಎಂದ ಮಗ.

“ನನ್ನ ಮೇಲೆ ಬರೆದ್ರೆ ಮೊದ್ಲು ನಂಗೆ. ನಾನು ಫೋನ್ ಎತ್ತದಿದ್ರೆ ಮಾತ್ರ ಬೇರೆಯೋರಿಗೆ” ಎಂದಳು ಮೊಮ್ಮಗಳು. ಆ ಬೇರೆಯವರು ಯಾರು ಎಂಬುದನ್ನು ಅವಳೇ ಬರೆದು ಕೊಟ್ಟಳು.

ಕಳ್ಳ ಪೇಜು ಹೋಯಿತು. ಇನ್ನೊಂದು ಹುಟ್ಟಿತು, ಅದು ನಮ್ಮವರ ಕಣ್ಣಿಗೆ ಬೀಳುವ ಮೊದಲೇ ಅವಳಿಗೆ ಫೋನು ಬಂದಿತ್ತು. ಬರೆದವನು ಯಾರೆಂದು ಪೊಲೀಸರು ಇನ್ನೂ ಹುಡುಕುತ್ತಿದ್ದಾರೆ. ಅವಳು ಸ್ಕೂಟರಿನಲ್ಲೇ ಓಡಾಡುತ್ತಿದ್ದಾಳೆ, ಹೊತ್ತು ಬದಲಿಸಿ, ದಾರಿ ಬದಲಿಸಿ.

ಮೊನ್ನೆ ಒಲೆಯ ಮೇಲೆ ಹಾಲಿಟ್ಟಿದ್ದೆ, ನನ್ನ ಫೋನು ಬಡಿದುಕೊಂಡಿತು. ಬಯಲುಸೀಮೆಯ ಕನ್ನಡ. “ಹೆದರಬೇಡಿ ಅಮ್ಮ, ನಂಬರ್ ಸರಿಯಿದೆಯಾ ಅಂತ ನೋಡಿದೆ. ಮೇಡಂ ಫೋನ್ ಎತ್ತದಿದ್ದರೆ ನಿಮಗೆ ಮಾಡಲು ಬರೆದುಕೊಟ್ಟಿದ್ದಾರೆ. ನೀವು ಸಂಘದಲ್ಲಿ ಏನಾಗಿದ್ದೀರಿ?”

ಡೈರೆಕ್ಟರ್ ಎನ್ನಬೇಕಿತ್ತು. “ಕಾರ್ಯದರ್ಶಿಯ ಅಜ್ಜಿ ಕಣವ್ವ” ಎಂದೆ. ಅತ್ತ ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾಯಿತು.