ವೀಣ ಮಿಸ್ಸು ಒಯ್ದ ಕ್ಯಾರಿಯರು

ಪಾಂಡವಪುರದ ವೀಣ ಮಿಸ್ಸು ಈಗೀಗ ಯಾರ ಮನೆಗೆ ಹೋದರೂ ಮೊದಲು ಕೊಟ್ಟಿಗೆಗೆ ನುಗ್ಗುತ್ತಾರೆ. ನಡುಮನೆಯಲ್ಲಿ ಚಾಪೆ ಹಾಸಿ, ಕಾಫಿಗೆ ನೀರಿಟ್ಟು ಕಾಯುತ್ತಿರುವವರಿಗೆ ಇದು ತಮಾಷೆಯಾಗಿ ಕಾಣುತ್ತದೆ. “ಮಿಸ್ಸು ಮಗೀನ ಕ್ಯಾಂಪಿಗೆ ಕರಿಯಕ್ ಬಂದವ್ರೋ, ಹಸುಗೆ ಸಾಲ ಕೊಡಕ್ ಬಂದವ್ರೋ” ಎಂದು ಗಂಡಸರು ನಗುತ್ತಾರೆ. ನಗಲಿ. ಹಟ್ಟಿಯಲ್ಲಿ ಯಾವ ಕರು ಇದೆ, ಯಾವ ಮರಿ ಇದೆ, ಅದಕ್ಕೆ ಹೆಸರಿಟ್ಟವರು ಯಾರು, ಕ್ಯಾಂಪಿನ ಹತ್ತು ದಿನದಲ್ಲಿ ಅದನ್ನು ಏನಾದರೂ ಮಾಡುವುದುಂಟೇ ಎಂದು ವಿಚಾರಿಸಿಕೊಂಡ ಮೇಲೆಯೇ ಅವರು ಚಾಪೆಯ ಮೇಲೆ ಕೂರುವುದು.

ಅಕ್ಕಿಹೆಬ್ಬಾಳಿನ ಹತ್ತಿರ, ಹೇಮಾವತಿ ಹೊಳೆಗೆ ಒಂದು ಕೂಗಳತೆಯಲ್ಲಿ, ಹಳೆಯದೊಂದು ಹಾಸ್ಟೆಲ್ಲಿನ ಕಟ್ಟಡವಿದೆ. ಪ್ರತಿ ಏಪ್ರಿಲ್‌ನಲ್ಲಿ ಹೊಂಗೆ ಬಳಗ ಎಂಬ ಸಣ್ಣ ಗುಂಪು ಅಲ್ಲಿ ಮಕ್ಕಳಿಗೆ ಹತ್ತು ದಿನದ ಶಿಬಿರ ನಡೆಸುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಶಿಬಿರವಲ್ಲ. ರಾತ್ರಿಯೂ ಅಲ್ಲೇ ಮಲಗಬೇಕು. ಮಕ್ಕಳನ್ನು ಒಪ್ಪಿಸುವುದು ಏನೂ ಕಷ್ಟವಲ್ಲ, ಹೊಳೆ ಎಂದರೆ ಸಾಕು, ಚಪ್ಪಲಿ ಮೆಟ್ಟಿ ನಿಲ್ಲುತ್ತವೆ. ಕಷ್ಟವೆಲ್ಲ ಅಪ್ಪ, ಅಮ್ಮ, ಅಜ್ಜಿಯರದು. ಅವರನ್ನು ಅಣಿಮಾಡುವುದು ಹನ್ನೊಂದು ವರ್ಷದಿಂದ ವೀಣ ಮಿಸ್ಸಿನ ಪಾಲಿನ ಕೆಲಸ. ಶಾಲೆಯ ಪೇಪರು ತಿದ್ದಿ ಮುಗಿಸಿದ ಮಾರನೆಯ ದಿನವೇ ಸ್ಕೂಟಿ ಹತ್ತಿದರೆಂದರೆ ಇವತ್ತು ಚಿನಕುರಳಿ, ನಾಳೆ ನಾಗಮಂಗಲದ ಕಡೆ, ನಾಳಿದ್ದು ಶ್ರೀರಂಗಪಟ್ಟಣ.

ಅವರದು ಆಚಾರ್ರ ಮನೆತನ. ಅಪ್ಪ ತಮ್ಮಯ್ಯಾಚಾರ್ರು ಬಾಗಿಲು, ಕಿಟಕಿ, ನೇಗಿಲು ಮಾಡುತ್ತಿದ್ದವರು. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಉಂಡು, ಸಿಕ್ಕಿಸಿಕೊಂಡೇ ಮಲಗುತ್ತಿದ್ದರು ಎಂದು ಊರವರು ಆಡಿಕೊಳ್ಳುತ್ತಿದ್ದರು. ಮಗಳು ಅದನ್ನು ತುರುಬಿಗೆ ಸಿಕ್ಕಿಸಿಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ಮನೆಯವರು ಕೇಳುವ ಪ್ರಶ್ನೆಗೆಲ್ಲ ಪೆನ್ಸಿಲು ತೆಗೆದು ಗುರುತು ಹಾಕಿಕೊಂಡು ಉತ್ತರ ಕೊಡುತ್ತಾರೆ. ಸಂಕೋಚವಿಲ್ಲದೆ ಕೇಳಿ ಎನ್ನುತ್ತಾರೆ. ಅಜ್ಜಿಯರಂತೂ ಸಂಕೋಚ ಎಂದರೇನೆಂದು ಕಂಡವರಲ್ಲ.

“ರಾತ್ರಿ ಒಂದಕ್ಕೆ ಎದ್ರೆ ಯಾರವ್ವ ಕರ್ಕೊಂಡ್ ಓಗೋರು?”

“ನಾನೇ ಅಜ್ಜಿ. ಬ್ಯಾಟ್ರಿ ಇಟ್ಕೊಂಡೇ ಮಲಗ್ತೀನಿ.”

ಎಲ್ಲ ಮನೆಯಲ್ಲೂ ಅವರ ಮೊದಲ ಮಾತು ಒಂದೇ. ಮಗುವಿಗೆ ಸುಳ್ಳು ಹೇಳಿ ಕಳಿಸಬೇಡಿ. ಅಂಗಡಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಬೇಡಿ. ಹೋಗುತ್ತಿದ್ದೇನೆ, ಹನ್ನೊಂದನೆಯ ದಿನ ಬರುತ್ತೇನೆ ಎಂದು ಕಣ್ಣು ನೋಡಿ ಹೇಳಿ. ಅತ್ತರೆ ಅಳಲಿ, ಗಂಟೆ ಹೊತ್ತಿನಲ್ಲಿ ಸುಮ್ಮನಾಗುತ್ತೆ, ಸುಳ್ಳು ಹೇಳಿಸಿಕೊಂಡ ಮಗು ಹತ್ತು ದಿನವೂ ಗೇಟು ನೋಡುತ್ತೆ. ಆಮೇಲೆ ಉಳಿದವು: ಲೋಟ ತಟ್ಟೆಯ ಮೇಲೆ ಹೆಸರು ಕೊರೆಸಿ, ಮನೆಯ ತಿಂಡಿ ಊಟ ಕಳಿಸಬೇಡಿ, ಪಕ್ಕದ ಮಗು ಬಾಯಿ ನೋಡುವಂತಾಗಬಾರದು. ಇಷ್ಟನ್ನು ಹೇಳಿಕೊಟ್ಟ ವೀಣ ಮಿಸ್ಸೇ ಎರಡು ವರ್ಷದ ಹಿಂದೆ ಇಷ್ಟನ್ನೂ ಮುರಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗೆ.

ಆ ವರ್ಷ ಚಿನಕುರಳಿಯಲ್ಲಿ ಮಂಜುನಾಥನ ಮನೆಗೆ ಹೋಗಿದ್ದರು. ಮಂಜುನಾಥ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ತಾಯಿ ಪುಟ್ಟಲಕ್ಷ್ಮಮ್ಮ, ಹೆಂಡತಿ ಶ್ವೇತ, ಐದನೇ ಕ್ಲಾಸು ಮುಗಿಸಿದ ಮಗಳು ಭೂಮಿಕ. ಆ ಬೀದಿಯಿಂದ ಅದುವರೆಗೆ ಒಂದು ಹೆಣ್ಣು ಮಗುವೂ ಶಿಬಿರಕ್ಕೆ ಬಂದಿರಲಿಲ್ಲ. ಈ ಮಗುವನ್ನು ಹೊರಡಿಸಿದರೆ ಉಳಿದವರೂ ಹೊರಡುತ್ತಾರೆ ಎಂಬ ಆಸೆ ಮಿಸ್ಸಿಗಿತ್ತು. ಹಮ್ಮು ಎಂದರೂ ತಪ್ಪಲ್ಲ.

ಭೂಮಿಕ ಬಾಗಿಲಿಗೆ ಬಂದದ್ದೇ ಒಂದು ಟಗರು ಮರಿಯ ಹಗ್ಗ ಹಿಡಿದುಕೊಂಡು. ಮೈಯೆಲ್ಲ ಕಂದು, ಹಣೆಯ ಮೇಲೆ ಮಾತ್ರ ಬಿಳಿಯ ಚುಕ್ಕೆ. “ಇವ್ನ ಎಸ್ರು ಬೊಟ್ಟ ಮಿಸ್. ನಾನ್ ಬಾ ಅಂದ್ರೆ ಬತ್ತನೆ, ನಮ್ಮಪ್ಪ ಕರುದ್ರೆ ಬರಾಕಿಲ್ಲ” ಎಂದಳು. ಕರೆದು ತೋರಿಸಿದಳು ಕೂಡ. ಕ್ಯಾಂಪಿಗೆ ಬರುತ್ತೀಯಾ ಎಂದರೆ, ಇವನಿಗೆ ಮಧ್ಯಾಹ್ನ ನೀರು ಕೊಡುವವರು ಯಾರು ಎಂದು ತಿರುಗಿ ಕೇಳಿದಳು.

ಪುಟ್ಟಲಕ್ಷ್ಮಮ್ಮ ಮೊಮ್ಮಗಳನ್ನು ಸಕ್ಕರೆ ತರಲು ಅಂಗಡಿಗೆ ಅಟ್ಟಿ, ಮಿಸ್ಸಿನ ಪಕ್ಕದಲ್ಲಿ ಕುಕ್ಕರಿಸಿದರು. ಮರಿ ಹರಕೆಯದು. ನಾಲ್ಕು ವರ್ಷದ ಹಿಂದೆ ಮಗುವಿಗೆ ಡೆಂಗೆ ಜ್ವರ ಬಂದು ಮಂಡ್ಯದ ಆಸ್ಪತ್ರೆಯಲ್ಲಿ ಐದು ದಿನ ಕಣ್ಣು ಬಿಟ್ಟಿರಲಿಲ್ಲ. ಆಗ ಅಜ್ಜಿ ಮನೆದೇವರಿಗೆ ಮರಿ ಕಡಿಯುತ್ತೇನೆಂದು ಹರಕೆ ಹೊತ್ತಿದ್ದರು. ತಂದು, ಕಿವಿ ಹರಿದು, ದೇವರ ಹೆಸರಿಗೆ ಬಿಟ್ಟು ಒಂದೂವರೆ ವರ್ಷವಾಗಿತ್ತು. ಮೇಯಿಸಿದ್ದು ಭೂಮಿಕ. ಅವಳಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಯಾರೂ ಹೇಳಿರಲಿಲ್ಲ.

“ಅವ್ಳ ಕಣ್ ಮುಂದೆ ಎಂಗವ್ವ ಮಾಡಾದು? ಹರಕೆ ಬುಡಂಗಿಲ್ಲ, ಮಗಾನ ಅಳ್ಸಂಗಿಲ್ಲ. ನೀನ್ ಕರ್ಕೊಂಡ್ ಓಗಿರ್ತೀಯಲ್ಲ, ಆ ಹತ್ತ್ ದಿನ್ದಲ್ಲೇ ಮುಗುಸ್ಬುಡ್ತೀವಿ” ಎಂದರು ಅಜ್ಜಿ.

ಬೇಡ ಅನ್ನಬಹುದಿತ್ತು. ಹೇಳಿಯೇ ಮಾಡಿ ಅನ್ನಬಹುದಿತ್ತು. ಹೇಳಿ ಕಳಿಸಬೇಕು ಎಂಬುದು ತಮ್ಮದೇ ಮೊದಲ ಮಾತಲ್ಲವೇ. ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವಂಥ ಈ ಉಪಾಯ ಮಿಸ್ಸಿಗೂ ಹಿಡಿಸಿಬಿಟ್ಟಿತು. ಹರಕೆಯೂ ತೀರುತ್ತೆ, ಹುಡುಗಿಯೂ ಶಿಬಿರಕ್ಕೆ ಬರುತ್ತಾಳೆ. ತುರುಬಿನಿಂದ ಪೆನ್ಸಿಲು ತೆಗೆದು, “ನಾಲ್ಕನೇ ದಿನ ಇಟ್ಕೊಳ್ಳಿ ಅಜ್ಜಿ. ಮೊದಲ ಮೂರು ದಿನ ಮಕ್ಕಳ ಮನಸ್ಸು ಮನೆ ಕಡೇನೇ ಇರುತ್ತೆ, ಪದೇ ಪದೇ ಫೋನು ಕೇಳ್ತಾವೆ. ನಾಲ್ಕನೇ ದಿನದ ಹೊತ್ತಿಗೆ ಮರೀತಾವೆ” ಎಂದು ದಿನವನ್ನೂ ಗುರುತು ಹಾಕಿ ಕೊಟ್ಟರು. ಒಂಬತ್ತು ವರ್ಷದ ಅನುಭವವೆಲ್ಲ ಹೀಗೆ ಕೆಲಸಕ್ಕೆ ಬಂತು.

ಭೂಮಿಕ ಸಕ್ಕರೆ ತಂದಳು. ಬೊಟ್ಟನನ್ನು ಅಜ್ಜಿ ಚೆನ್ನಾಗಿ ನೋಡಿಕೊಳ್ಳುತ್ತಾರೆ, ನೀನು ಬಾ ಎಂದು ಮಿಸ್ಸು ಅವಳ ಕಣ್ಣು ನೋಡಿಯೇ ಹೇಳಿದರು. ಹುಡುಗಿ ನಂಬಿದಳು.

ಶಿಬಿರದಲ್ಲಿ ಮೂರು ದಿನ ಚೆನ್ನಾಗಿಯೇ ಕಳೆಯಿತು. ನಾಲ್ಕನೆಯ ದಿನ, ಬುಧವಾರ, ಮಧ್ಯಾಹ್ನ ಮಂಜುನಾಥನ ಫೋನು ಬಂತು. ಅಕ್ಕಿಹೆಬ್ಬಾಳು ರೈಲ್ವೆ ಸ್ಟೇಷನ್ನಿನ ಹತ್ತಿರ ಬೈಕು ನಿಲ್ಲಿಸಿಕೊಂಡಿದ್ದೇನೆ, ಒಂಚೂರು ಬನ್ನಿ ಎಂದ. ಹೋಗಿ ನೋಡಿದರೆ ಅವನ ಕೈಯಲ್ಲಿ ಮೂರು ಡಬ್ಬಿಯ ಸ್ಟೀಲು ಕ್ಯಾರಿಯರು.

“ಹರಕೆ ಪರ ಮುಗೀತು ಮಿಸ್ಸೇ. ನೆಂಟ್ರೆಲ್ಲ ಉಂಡ್ರು. ಯಾರ್ ಎಸ್ರಲ್ಲಿ ಹರಕೆ ಹೊತ್ತಿದ್ವೋ ಅವ್ರ ಬಾಯಿಗೆ ಒಂದ್ ತುತ್ತಾದ್ರೂ ಬೀಳ್ಬೇಕಂತೆ, ಇಲ್ದಿದ್ರೆ ತೀರ್ದಂಗಲ್ವಂತೆ. ನಮ್ಮವ್ವ ಒಂದೇ ಸಮ ಹಟ ಇಡ್ದು ಕುಂತವ್ಳೆ. ಮನೆಯಿಂದ ಬಂತು ಅಂತ ಕೊಟ್ಬುಡಿ, ಇನ್ನೇನೂ ಯೋಳ್ಬೇಡಿ.”

ಕ್ಯಾರಿಯರು ಇನ್ನೂ ಬಿಸಿಯಾಗಿತ್ತು. ಮಿಸ್ಸು ಹುಟ್ಟಿದಾಗಿನಿಂದ ಬಾಡು ಮುಟ್ಟಿದವರಲ್ಲ. ಹಿಡಿಗೆ ಕರ್ಚೀಫು ಸುತ್ತಿ ಹಿಡಿದುಕೊಂಡರು. ಮೈಲಿಗೆಯಾಗುತ್ತದೆಂದಲ್ಲ, ಬಿಸಿಯಿತ್ತು ಎಂದು ಅವರು ತಮಗೇ ಹೇಳಿಕೊಂಡರು. ತೀರಾ ಇಷ್ಟು ದೂರ ಬಂದ ಮೇಲೆ ವಾಪಸು ಕಳಿಸಿದರೆ ಆ ಮುದುಕಿಯ ಜೀವ ನಿಲ್ಲುವುದಿಲ್ಲ ಎಂದೂ ಹೇಳಿಕೊಂಡರು. ಹೇಳಿಕೊಳ್ಳಲು ಕಾರಣ ಎಷ್ಟು ಬೇಕಾದರೂ ಸಿಗುತ್ತವೆ.

ಬೇರೆ ಮಕ್ಕಳು ಕಾಣದಂತೆ ಭೂಮಿಕಳನ್ನು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕರೆದು, ಅಕ್ಕಿ ಮೂಟೆಯ ಪಕ್ಕ ಕೂರಿಸಿ ಡಬ್ಬಿ ಬಿಚ್ಚಿಕೊಟ್ಟರು. ಮೇಲಿನದರಲ್ಲಿ ಮುದ್ದೆ, ನಡುವಿನದರಲ್ಲಿ ಸಾರು, ಕೆಳಗೆ ಅನ್ನ. ಮೂರು ದಿನದಿಂದ ಸೊಪ್ಪು ಕಾಳು ಉಂಡಿದ್ದ ಹುಡುಗಿ ಮುಖವರಳಿಸಿಕೊಂಡು ಕೈ ಹಾಕಿದಳು.

“ನಮ್ಮಜ್ಜಿ ಮಾಡಿರಾದು ಮಿಸ್. ವಾಸ್ನೇಲೇ ಗೊತ್ತಾಯ್ತದೆ. ಸಕತ್ತಾಗದೆ. ನೀವೂ ಉಣ್ಣಿ.”

“ನಾವು ತಿನ್ನಲ್ಲ ಕಣವ್ವ. ನೀನು ಉಣ್ಣು.”

ಬೆರಳು ಚೀಪಿ ಉಂಡಳು. ಡಬ್ಬಿಗಳನ್ನು ಮಿಸ್ಸೇ ತೊಳೆದರು. ಸಬೀನ ಹಾಕಿ, ಹುಣಿಸೆಹಣ್ಣು ಹಾಕಿ, ಮೂರು ಸಲ ತಿಕ್ಕಿದರೂ ಕೈಯ ವಾಸನೆ ಹೋಗಲಿಲ್ಲ.

ಅವತ್ತು ಸಂಜೆ ಮಕ್ಕಳು ಮನೆಗೆ ಕಾಗದ ಬರೆಯುವ ಹೊತ್ತು. ಕಾಗದಗಳನ್ನು ಓದಿ ಅಂಚೆಗೆ ಹಾಕುವುದೂ ವೀಣ ಮಿಸ್ಸಿನ ಕೆಲಸವೇ. ಭೂಮಿಕ ಗುಂಡಗೆ ಬರೆದಿದ್ದಳು: ಅಜ್ಜಿ, ಸಾರು ಚೆನ್ನಾಗಿತ್ತು. ಬೊಟ್ಟನಿಗೆ ಮಧ್ಯಾಹ್ನ ಅಕ್ಕಿ ತೊಳೆದ ನೀರು ಕೊಡು. ಬಿಸಿಲಲ್ಲಿ ಕಟ್ಟಬೇಡ. ನಾನು ಇಲ್ಲಿ ಅವನಿಗೆ ಕೊರಳ ಹಗ್ಗ ಹೆಣೆಯುತ್ತಾ ಇದೀನಿ, ಕೆಂಪು ಮತ್ತು ಹಳದಿ. ಆ ಕಾಗದವನ್ನು ಮಿಸ್ಸು ಅಂಚೆಗೆ ಹಾಕಲಿಲ್ಲ, ಹರಿಯಲೂ ಇಲ್ಲ. ಅದು ಇವತ್ತಿಗೂ ಅವರ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗಿದೆ. ಉಳಿದ ಆರು ದಿನ ಆ ಹುಡುಗಿ ಹಗ್ಗ ಹೆಣೆಯುವುದನ್ನು ನೋಡಿದರು. ಗಂಟು ಬಿಗಿಯಾಯಿತಾ ಎಂದು ಕೇಳಿದರೆ ಹಿಡಿದು ನೋಡಿ ಹೂಂ ಅಂದರು.

ಹನ್ನೊಂದನೆಯ ದಿನ ಬೆಳಿಗ್ಗೆ ಮಂಜುನಾಥ ಕರೆದೊಯ್ಯಲು ಬಂದ. ಮಿಸ್ಸನ್ನು ಗೇಟಿನ ಹೊರಗೆ ಕರೆದು ಸಣ್ಣ ದನಿಯಲ್ಲಿ, “ನಾಯಿ ಇಡ್ಕೊಂಡ್ ಓಯ್ತು ಅಂತ ಯೋಳ್ತೀವಿ. ನೀವೂ ಒಸಿ ಅಂಗೇ ಅಂದ್ಬುಡಿ, ನಿಮ್ಮಾತ್ನ ನಂಬ್ತಳೆ” ಎಂದ.

ಆ ಕೊನೆಯ ಮಾತು ಮಿಸ್ಸಿಗೆ ಚುಚ್ಚಿತು. ಅವನನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋದರು. ಭೂಮಿಕ ಚೀಲ ಕಟ್ಟಿಕೊಂಡು ಹೊಂಗೆ ಮರದ ಕೆಳಗೆ ಕುಳಿತಿದ್ದಳು, ಹಗ್ಗ ಮಾತ್ರ ಚೀಲದ ಹೊರಗೆ, ಕೈಯಲ್ಲಿ. ಮಿಸ್ಸು ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಜ್ವರ ಬಂದದ್ದು, ಹರಕೆ ಹೊತ್ತದ್ದು, ಅವಳು ಇಲ್ಲಿರುವಾಗ ಅದನ್ನು ತೀರಿಸಿದ್ದು. ಕ್ಯಾರಿಯರಿನ ಮಾತು ಬಾಯಿಗೆ ಬಂದು ನಿಂತಿತು.

“ಯಾವತ್ತು ಮಿಸ್?” ಎಂದಳು ಭೂಮಿಕ.

“ಬುಧವಾರ.”

ಹುಡುಗಿ ಹಗ್ಗದ ಗಂಟಿನ ಮೇಲೆ ಬೆರಳಿಟ್ಟು ದಿನ ಎಣಿಸಿದಳು.

“ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಸಕತ್ತಾಗದೆ ಅಂದೆ, ಅಲ್ವಾ ಮಿಸ್?”

ಮಿಸ್ಸಿಗೆ ಅಲ್ಲ ಎನ್ನುವ ದಾರಿಯಿರಲಿಲ್ಲ. “ಅಂದೆ ಕಣವ್ವ” ಎಂದರು.

ಭೂಮಿಕ ಅಳಲಿಲ್ಲ. ಎದ್ದು ಹೋಗಿ ಅಪ್ಪನ ಬೈಕಿನ ಹಿಂದೆ ಕುಳಿತಳು, ಅಪ್ಪನನ್ನು ಹಿಡಿದುಕೊಳ್ಳದೆ ಸೀಟಿನ ಕಂಬಿ ಹಿಡಿದುಕೊಂಡಳು. ಮಂಜುನಾಥನಿಗೆ ಮಗಳ ಮುಖ ನೋಡಿಯೇ ಗೊತ್ತಾಯಿತು. “ನೀವ್ ಬಾಯ್ ಬುಡ್ದೆ ಇದ್ದಿದ್ರೆ ಆಯ್ತಿತ್ತು” ಎಂದಷ್ಟೇ ಹೇಳಿ ಗಾಡಿ ಒದ್ದ. ಹಗ್ಗ ಹೊಂಗೆ ಮರದ ಕೆಳಗೇ ಬಿದ್ದಿತ್ತು.

ಬಳಗದ ಅರುಣ್ ಸಮಾಧಾನ ಹೇಳಿದರು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು, ಕೊನೆಗಾದರೂ ನಿಜ ಹೇಳಿದಿರಲ್ಲ ಎಂದರು. ಮಿಸ್ಸಿಗೆ ಅದೇ ಹುಳ ಕೊರೆಯುತ್ತದೆ. ನಿಜ ಹೇಳಿದ್ದು ಹುಡುಗಿಗೋಸ್ಕರವೋ, ತನ್ನ ಎದೆಯ ಭಾರ ಇಳಿಸಿಕೊಳ್ಳಲಿಕ್ಕೋ? ನಾಯಿ ಹಿಡಿಯಿತು ಎಂದಿದ್ದರೆ ಮಗು ನಾಯಿಯನ್ನು ಬೈದುಕೊಂಡು ಅತ್ತು ಸುಮ್ಮನಾಗುತ್ತಿತ್ತೇನೋ. ಉಂಡದ್ದು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಸುಳ್ಳೂ ತಮ್ಮದೇ, ನಿಜವೂ ತಮ್ಮದೇ; ಎರಡೂ ಬಿದ್ದದ್ದು ಹತ್ತು ವರ್ಷದ ಮಗುವಿನ ಮೇಲೆ.

ಮರುವರ್ಷ ಏಪ್ರಿಲ್‌ನಲ್ಲಿ ಅವರು ಚಿನಕುರಳಿಗೆ ಹೋದರೂ ಆ ಬೀದಿಗೆ ಕಾಲಿಡಲಿಲ್ಲ. ಶಿಬಿರಕ್ಕೆ ಎರಡು ದಿನ ಉಳಿದಿದ್ದಾಗ ಪುಟ್ಟಲಕ್ಷ್ಮಮ್ಮನೇ ಫೋನು ಮಾಡಿದರು. “ಬತ್ತಳಂತೆ ಕಣವ್ವ. ವರ್ಸದಿಂದ ಮನೇಲಿ ಬಾಡ್ ಮುಟ್ಟಿಲ್ಲ. ನನ್ ಕೈಲಿ ಬಡುಸ್ಕಂಡು ಏನೂ ಉಣ್ಣಾಕಿಲ್ಲ, ತಾನೇ ಬಡುಸ್ಕತಳೆ. ನೀನಾದ್ರೂ ಒಸಿ ಉಣ್ಸು” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿ ಎನಿಸಿತು ಮಿಸ್ಸಿಗೆ.

ಭೂಮಿಕ ಬಂದಳು. ಒಂದು ಗೇಣು ಉದ್ದವಾಗಿದ್ದಳು. ಹೊಳೆಗಿಳಿದು ಆಡಿದಳು, ಹಾಡಿದಳು, ನಾಗಮಂಗಲದಿಂದ ಬಂದ ಸ್ನೇಹ ಎಂಬ ಹುಡುಗಿಯ ಜೊತೆ ಒಂದೇ ಚಾಪೆಯ ಮೇಲೆ ಮಲಗಿದಳು. ಮೊದಲ ದಿನ ಮಧ್ಯಾಹ್ನ ಮಕ್ಕಳೆಲ್ಲ ಪಂಕ್ತಿಯಲ್ಲಿ ಕೂತಾಗ ವೀಣ ಮಿಸ್ಸು ಸಾರಿನ ಬಕೇಟು ಹಿಡಿದು ಬಡಿಸುತ್ತಾ ಬಂದರು. ಭೂಮಿಕ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

“ಇದ್ರಲ್ಲಿ ಏನದೆ ಮಿಸ್?”

ಸಾಲಿನಲ್ಲಿದ್ದ ಮಕ್ಕಳು ನಕ್ಕವು. ಮಿಸ್ಸು ನಗಲಿಲ್ಲ. ಬಕೇಟನ್ನು ಕೆಳಗಿಟ್ಟರು. “ಅವರೆಕಾಳು, ಬದನೆಕಾಯಿ, ಈರುಳ್ಳಿ, ತೆಂಗಿನಕಾಯಿ, ಹುಣಿಸೆಹಣ್ಣು, ಖಾರದ ಪುಡಿ, ಉಪ್ಪು” ಎಂದರು. ಭೂಮಿಕ ಸಾರಿನ ಕಡೆ ನೋಡಲಿಲ್ಲ, ಅವರ ಮುಖವನ್ನೇ ನೋಡಿದಳು. ಆಮೇಲೆ ಅಂಗೈ ತೆಗೆದಳು.

ರಾತ್ರಿ ಊಟಕ್ಕೂ ಕೇಳಿದಳು. ಬೆಳಗಿನ ಉಪ್ಪಿಟ್ಟಿಗೂ ಕೇಳಿದಳು. ಬೇರೆಯವರು ಬಡಿಸಿದರೆ ಕೇಳುತ್ತಿರಲಿಲ್ಲ, ಸುಮ್ಮನೆ ಹಾಕಿಸಿಕೊಳ್ಳುತ್ತಿದ್ದಳು. ವೀಣ ಮಿಸ್ಸು ಬಂದರೆ ಮಾತ್ರ ಅಂಗೈ. ಅರುಣ್ ಅವರು ಆ ಸಾಲಿಗೆ ನಾನೇ ಬಡಿಸುತ್ತೇನೆ, ಬಿಡಿ ಎಂದರು. ಮಿಸ್ಸು ಬಕೇಟು ಕೊಡಲಿಲ್ಲ. ಬೆಳಿಗ್ಗೆ ಅಡುಗೆಯವರ ಪಕ್ಕ ನಿಂತು ಏನೇನು ಹಾಕುತ್ತಾರೆಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು, ಒಂದನ್ನೂ ಮರೆಯಬಾರದೆಂದು.

ಹತ್ತನೆಯ ದಿನ ಪಾಯಸ. ಲೋಟದ ಮೇಲೆ ಅಂಗೈ ಬಂತು.

“ಇದ್ರಲ್ಲಿ ಏನದೆ ಮಿಸ್?”

“ಶಾವಿಗೆ, ಹಾಲು, ಬೆಲ್ಲ, ಏಲಕ್ಕಿ, ಒಣದ್ರಾಕ್ಷಿ. ಒಂದು ಚಿಟಿಕೆ ಉಪ್ಪು.”

ಹುಡುಗಿ ಮುಖ ನೋಡಿದಳು. ಎಲ್ಲ ದಿನಕ್ಕಿಂತ ಕೊಂಚ ಹೆಚ್ಚು ಹೊತ್ತು ನೋಡಿದಳು. ಮಿಸ್ಸು ಸೌಟು ಹಿಡಿದು ಕಾಯುತ್ತಾ ನಿಂತರು.